ಎರಡು ಪುಟದ ಸೀನ್‌ಗೆ ಎಷ್ಟು ಹೊತ್ತು ಬೇಕು?

ಪ್ರಶ್ನೆ: ಸ್ಕ್ರಿಪ್ಟಿನ ಒಂದು ಪುಟ ತೆರೆಯ ಮೇಲೆ ಒಂದು ನಿಮಿಷ ಅಂತಾರೆ. ನಾಲ್ಕು ಜನ ಟೇಬಲ್ ಸುತ್ತ ಕೂತು ಜಗಳ ಆಡ್ತಾರೆ, ಕೊನೆಗೆ ನೀರಿನ ಗ್ಲಾಸ್ ಉರುಳಿ ಒಬ್ಬರ ಅಂಗಿ ಒದ್ದೆಯಾಗುತ್ತದೆ. ಎರಡೇ ಪುಟ. ಎರಡು ಗಂಟೆ ಸಾಕಲ್ವಾ?

ಸಾಲದು. ಪ್ರತಿ ಸಲವೂ ಇದೇ ಪ್ರಶ್ನೆ ಬರುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಪುಟದ ಲೆಕ್ಕ ಸಿನಿಮಾ ಎಷ್ಟು ಉದ್ದ ಅನ್ನೋದಕ್ಕೆ, ಶೂಟಿಂಗ್‌ಗೆ ಅಲ್ಲ. "ಸೈನ್ಯ ಕೋಟೆಗೆ ನುಗ್ಗಿತು" ಅನ್ನೋದು ಒಂದೇ ಸಾಲು. ಅದಕ್ಕೆ ವಾರವೇ ಬೇಕಾಗಬಹುದು.

ನಿಮ್ಮ ಸೀನ್‌ಗೆ ಏಳು ಶಾಟ್ ಅಂದುಕೊಳ್ಳಿ. ಇಡೀ ಸೀನ್ ಒಟ್ಟಿಗೆ ಕಾಣೋ ಮಾಸ್ಟರ್ ಶಾಟ್‌ಗೆ ರಿಹರ್ಸಲ್, ಲೈಟಿಂಗ್ ಸೇರಿ ಒಂದು ಗಂಟೆ. ಅದೇ ಕಡೆಯಿಂದ ತೆಗೆಯೋ ಮೂರು ಶಾಟ್‌ಗೆ ತಲಾ 20 ನಿಮಿಷದ ತಯಾರಿ. ಆಮೇಲೆ ಕ್ಯಾಮೆರಾ ಎದುರು ಕಡೆಗೆ ತಿರುಗುತ್ತದೆ, ಅಲ್ಲಿವರೆಗೆ ಲೈಟು, ಸ್ಟ್ಯಾಂಡು, ಕೇಬಲ್ಲು ಇದ್ದ ಜಾಗವೇ ಈಗ ಫ್ರೇಮಿನೊಳಗೆ ಬರೋದರಿಂದ ಎಲ್ಲವನ್ನೂ ಎತ್ತಿಡಬೇಕು, ಹಾಗಾಗಿ ಆ ಕಡೆಯ ಮೊದಲ ಶಾಟ್‌ಗೆ 40 ನಿಮಿಷ. ಉಳಿದ ಎರಡಕ್ಕೆ ಮತ್ತೆ 20-20. ತಯಾರಿಗೇ 200 ನಿಮಿಷ ಆಯ್ತು. ಶಾಟ್‌ಗೆ ಎರಡೆರಡು ನಿಮಿಷದ ನಾಲ್ಕು ಟೇಕ್ ಅಂದರೂ ಕ್ಯಾಮೆರಾ ಓಡೋದು 56 ನಿಮಿಷ ಅಷ್ಟೇ.

ಇನ್ನು ಆ ಗ್ಲಾಸ್. ಒಂದು ಟೇಕ್ ಆದಮೇಲೆ ಟೇಬಲ್ ಒರೆಸಬೇಕು, ಒಣಗಿದ ಅಂಗಿ ಹಾಕಿಸಬೇಕು, ಮೊದಲಿದ್ದಷ್ಟೇ ನೀರು ತುಂಬಬೇಕು. ಹತ್ತು ನಿಮಿಷ ಹಿಡಿಯಿರಿ. ನಾಲ್ಕು ಟೇಕ್‌ಗಳ ನಡುವೆ ಮೂರು ಸಲದಂತೆ ಏಳು ಶಾಟ್‌ಗೆ ಇದು 21 ಸಲ ಆದರೆ 210 ನಿಮಿಷ! ಒಟ್ಟು ಹೆಚ್ಚುಕಮ್ಮಿ ಎಂಟು ಗಂಟೆ. ನೀರು ಚೆಲ್ಲೋದನ್ನು ಎರಡೇ ಶಾಟ್‌ನಲ್ಲಿ ಇಟ್ಟುಕೊಂಡು, ಉಳಿದ ಐದರಲ್ಲಿ ಗ್ಲಾಸ್ ಬೀಳೋ ಮೊದಲೇ ಕಟ್ ಹೇಳಿ. ಎರಡೂವರೆ ಗಂಟೆ ಉಳಿಯುತ್ತದೆ. ಅಂಗಿ ಮಾತ್ರ ಒಂದೇ ಥರದ್ದು ನಾಲ್ಕೈದು ಇರಲಿ.

"ದಿನಕ್ಕೆ ಇಷ್ಟು ಪುಟ" ಅನ್ನೋ ಸೂತ್ರ ಮಾರುವವರಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಅವರು ನಿಮ್ಮ ಸ್ಕ್ರಿಪ್ಟ್ ಓದಿಯೇ ಇಲ್ಲ. ನಿರ್ದೇಶಕರು, ಕ್ಯಾಮೆರಾಮನ್ ಜೊತೆ ಕೂತು ಶಾಟ್ ಎಣಿಸಿ. ಪ್ರತಿ ಟೇಕ್ ಆದಮೇಲೆ ಏನೇನನ್ನು ಮೊದಲಿನ ಹಾಗೆ ಮಾಡಬೇಕು ಅಂತ ಬರೆದುಕೊಳ್ಳಿ.

ಪ್ರಶ್ನೆ: ಎರಡು ಕ್ಯಾಮೆರಾ ಇಟ್ಟರೆ ಅರ್ಧ ಸಮಯ ಸಾಕಾ?

ಇಲ್ಲ. ಎರಡು ಕಡೆಗೂ ಒಪ್ಪೋ ಹಾಗೆ ಲೈಟ್ ಮಾಡಬೇಕಲ್ಲ.

ಪ್ರಶ್ನೆ: ಶೆಡ್ಯೂಲ್ ಮಾಡೋ ಆ್ಯಪ್ ತಾನೇ ಲೆಕ್ಕ ಹಾಕಿ ಕೊಡುತ್ತಂತೆ?

ಸೀನ್ ಜೋಡಿಸಿ ಕೊಡುತ್ತದೆ. ಒದ್ದೆ ಅಂಗಿ ಅದಕ್ಕೆ ಗೊತ್ತಿಲ್ಲ.

ಪ್ರಶ್ನೆ: ಸೂರ್ಯ ಮುಳುಗೋ ಸೀನ್ ದಿನದ ಕೊನೆಗೆ ಹಾಕಿದರೆ ಆಯ್ತಲ್ವಾ?

ಆ ಬೆಳಕು ಸಿಗೋದೇ ಸ್ವಲ್ಪ ಹೊತ್ತು, ಮೋಡ ಬಂದರೆ ಅದೂ ಇಲ್ಲ. ನಾನಂತೂ ಎರಡು ಸಂಜೆ ಕೊಡದೆ ಅಂಥ ಸೀನ್ ಶೆಡ್ಯೂಲ್‌ಗೆ ಹಾಕೋದೇ ಇಲ್ಲ. ರಿಹರ್ಸಲ್ ಮಧ್ಯಾಹ್ನವೇ ಮುಗಿದಿರಬೇಕು.