ಅನ್ನ ಸೀದರೆ ಸೀಯಲಿ ಬಿಡಿ

ಪ್ರತಿ ಸ್ಕೌಟ್ ಕ್ಯಾಂಪ್ ಮುಗಿದ ಮೇಲೂ ಪಾಲಕರದು ಒಂದೇ ದೂರು: ಅಡುಗೆ ಕೆಟ್ಟರೂ ಸರ್ ಸುಮ್ಮನಿದ್ದರು ಅಂತ. ಈ ಸಲ ಬರೆದೇ ಉತ್ತರ ಕೊಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಪ್ರಶ್ನೆ: ಮಗ ಎಂಟನೇ ತರಗತಿ, ಪಟ್ರೋಲ್ (ಸ್ಕೌಟ್ ಹುಡುಗರ ಸಣ್ಣ ತಂಡ) ಲೀಡರ್. ಕಪ್ಪತಗುಡ್ಡದ ಹತ್ತಿರದ ಕ್ಯಾಂಪಿನಲ್ಲಿ ಹುಡುಗರೇ ಅಡುಗೆ ಮಾಡಿ ಅನ್ನ ಸೀಸಿದರಂತೆ. ರಾತ್ರಿ ಮನೆಯಿಂದ ಒಯ್ದ ರೊಟ್ಟಿ, ಶೇಂಗಾ ಚಟ್ನಿಯೇ ಊಟ. ಸ್ಕೌಟ್ ಮಾಸ್ಟರ್ ಸುಮ್ನೆ ನೋಡುತ್ತ ಕೂತಿದ್ದರಂತೆ. ಇದು ಬೇಜವಾಬ್ದಾರಿ ಅಲ್ವಾ? — ಓದುಗರು, ಗದಗ

ಉತ್ತರ: ತಾಯಿ, ಹಾಗೆ ಕೂರುವುದು ಸುಲಭ ಅಂದುಕೊಂಡಿರಾ? ಎದ್ದು ಹೋಗಿ ಸೌಟು ಕಸಿದುಕೊಳ್ಳಬೇಕು ಅನಿಸುತ್ತಲೇ ಇರುತ್ತದೆ. ನಿಮ್ಮ ಸರ್ ತಡೆದುಕೊಂಡರು. ಅವರಿಗೊಂದು ನಮಸ್ಕಾರ.

1907ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ನಡೆಸಿದಾಗಲೇ ಹುಡುಗರನ್ನು ನಾಲ್ಕು ಪಟ್ರೋಲ್ ಮಾಡಿ, ಒಂದೊಂದನ್ನೂ ಒಬ್ಬ ಹುಡುಗನ ಕೈಗೆ ಕೊಟ್ಟಿದ್ದರು. ನಮ್ಮಲ್ಲೂ ಆರರಿಂದ ಎಂಟು ಮಂದಿಗೆ ಒಬ್ಬ ಲೀಡರ್. ಆದರೆ ಎಷ್ಟೋ ಶಾಲೆಗಳಲ್ಲಿ ಅವನ ಕೆಲಸ ಆಗಸ್ಟ್ 15ಕ್ಕೆ ಮುಂದೆ ನಿಂತು ಸೆಲ್ಯೂಟ್ ಹೊಡೆಯುವುದಷ್ಟೇ. ಕ್ಲಾಸ್ ಮಾನಿಟರ್‌ಗೆ ಸ್ಕಾರ್ಫ್ ಕಟ್ಟಿದ ಹಾಗೆ.

ಅನ್ನ ಯಾಕೆ ಸೀಯಿತು ಅಂತ ಮಗನನ್ನು ಕೇಳಿದಿರಾ? ನಾನು ನೋಡಿದ ಮಟ್ಟಿಗೆ ಕಾರಣ ಯಾವಾಗಲೂ ಒಂದೇ. ಲೀಡರ್ ಎಲ್ಲ ಕೆಲಸ ತಾನೇ ಮಾಡುತ್ತಾನೆ. ಅಕ್ಕಿ ತೊಳೆಯುವವನೂ ಅವನೇ, ಊದುವವನೂ ಅವನೇ. ಉಳಿದವರು ಕಬಡ್ಡಿ ಆಡುತ್ತಾರೆ. ಅನ್ನ ಕುದಿ ಬಂದ ಮೇಲೆ ಕಟ್ಟಿಗೆ ಹಿಂದಕ್ಕೆ ಎಳೆದು, ಬರೀ ಕೆಂಡದ ಮೇಲೆ ಬಿಡಬೇಕು. ಆ ಹೊತ್ತಿಗೆ ಅವನು ನೀರು ತರಲು ಹೋಗಿರುತ್ತಾನೆ! ಪಾತ್ರೆಯ ಹೊರಗೆ ಮಣ್ಣು ಮೆತ್ತುವುದೂ ಮರೆತಿರುತ್ತದೆ. ಆಮೇಲೆ ಆ ಮಸಿಯನ್ನು ತಿಕ್ಕುವವನೂ ಅವನೇ.

ಮರುದಿನ ಅದೇ ಹುಡುಗ ಇಬ್ಬರನ್ನು ನೀರಿಗೆ ಕಳಿಸುತ್ತಾನೆ, ಒಬ್ಬನನ್ನು ಸಣ್ಣ ಕಟ್ಟಿಗೆ ಆರಿಸಲು ಹಚ್ಚುತ್ತಾನೆ, ಒಬ್ಬನನ್ನು ಒಲೆಯ ಮುಂದೆ ಕೂರಿಸಿ "ಏಳಬ್ಯಾಡ" ಅನ್ನುತ್ತಾನೆ. ಸರ್ ಮಾಡಬೇಕಾದದ್ದು ಇಷ್ಟೇ. ಅನ್ನ ಸೀದ ರಾತ್ರಿಯೇ ಲೀಡರುಗಳನ್ನೆಲ್ಲ ಕೂರಿಸಿಕೊಂಡು ಕೋರ್ಟ್ ಆಫ್ ಆನರ್, ಅಂದರೆ ಲೀಡರುಗಳ ಸಭೆ, ನಡೆಸಬೇಕು. "ಒಲೆ ಯಾರ ಪಾಲಿಗಿತ್ತು? ನಾಳೆ ಏನು ಬದಲಾಯಿಸುತ್ತಿ?" ಅಂತ ಕೇಳಬೇಕು. ಉತ್ತರ ಮಾತ್ರ ತಾನು ಹೇಳಬಾರದು. ಪಟ್ರೋಲ್ ಎದುರಿಗೆ ಲೀಡರನ್ನು ಬೈಯಲೂಬಾರದು. ಹಾಗೆ ಬೈಸಿಕೊಂಡವನ ಮಾತನ್ನು ಮರುದಿನ ಯಾರು ಕೇಳುತ್ತಾರೆ?

ಹಾಗಂತ ಎಲ್ಲವನ್ನೂ ಹುಡುಗರಿಗೆ ಬಿಡುವವನಲ್ಲ ನಾನು. ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಅಂಜುಬುರುಕ. ಕೆರೆಗೆ ಇಳಿಯುವುದು, ರಾತ್ರಿ ಡಾಂಬರು ರಸ್ತೆಯಲ್ಲಿ ನಡೆಯುವುದು, ಮಾತ್ರೆ ಕೊಡುವುದು, ಒಲೆ ಎಲ್ಲಿ ಹೂಡಬೇಕೆಂಬುದು: ಇವು ದೊಡ್ಡವರ ಕೆಲಸ. ಕಪ್ಪತಗುಡ್ಡದ ಬೇಸಿಗೆ ಹುಲ್ಲಿಗೆ ಒಂದು ಕಿಡಿ ಸಾಕು. ಹುಡುಗ ಸೀಮೆಎಣ್ಣೆ ಡಬ್ಬಿಗೆ ಕೈ ಹಾಕಿದರೆ ಮೊದಲು ಡಬ್ಬಿ ಕಸಿದುಕೊಳ್ಳಿ, ಪಾಠ ಆಮೇಲೆ. ಒಂದು ಹೊತ್ತಿನ ಊಟ ಕೆಟ್ಟರೆ ರೊಟ್ಟಿ ಇದೆಯಲ್ಲ!

ಇನ್ನೊಂದು ಮಾತು. ಮುಂದಿನ ಕ್ಯಾಂಪಿಗೆ ಅವನ ಚೀಲ ನೀವು ತುಂಬಬೇಡಿ. ಟಾರ್ಚ್ ಮರೆತರೆ ಮರೆಯಲಿ.

ಪ್ರಶ್ನೆ: ಮಗಳಿಗೆ ನಾಚಿಕೆ ಜಾಸ್ತಿ. ಎರಡು ದಿನದ ಲೀಡರ್‌ಶಿಪ್ ಕೋರ್ಸಿಗೆ ಸೇರಿಸಲೇ? ಕೆಂಡ ತುಳಿಸಿ ಧೈರ್ಯ ತುಂಬುತ್ತಾರಂತೆ. — ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ. ಕಾಲು ಸುಡುತ್ತದೆ, ದುಡ್ಡೂ ಹೋಗುತ್ತದೆ. ಹುಡುಗಿಯರ ಸ್ಕೌಟ್ ಆದ ಗೈಡ್ಸ್‌ಗೆ ಸೇರಿಸಿ. ಪಟ್ರೋಲಿನ ಹಗ್ಗ, ಪಾತ್ರೆಗಳ ಲೆಕ್ಕ ಅವಳು ಇಡಲಿ. ಲೆಕ್ಕ ತಪ್ಪಿದಾಗ ತಾನಾಗೇ ಬಾಯಿ ಬರುತ್ತದೆ.

ಪ್ರಶ್ನೆ: ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಿ, ಕೊಯ್ದು ರಕ್ತ ತೆಗೆಯಲು ಲೀಡರುಗಳಿಗೆ ಕಲಿಸುತ್ತೀರಾ? — ರಾಣೆಬೆನ್ನೂರು

ಉತ್ತರ: ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಎಲ್ಲ ತಪ್ಪು. ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಒಯ್ಯಿರಿ. ಮಂತ್ರ ಹಾಕುವವರ ಮನೆಗೆ ಹೋದರೆ ಮದ್ದಿನ ಹೊತ್ತು ಮೀರುತ್ತದೆ.

ಪ್ರಶ್ನೆ: ಸ್ಕೌಟ್ ಆದರೆ ಸಿಇಟಿಯಲ್ಲಿ ಸೀಟು ಸಿಗುತ್ತದೆಯೇ? — ಹಾವೇರಿ

ಉತ್ತರ: ವಿಶೇಷ ಕೆಟಗರಿ ಇದೆ. ಸಿಇಟಿ ನಡೆಸುವ ಕೆಇಎಯ ಆ ವರ್ಷದ ಮಾಹಿತಿ ಪುಸ್ತಕ ಓದಿ, ನನ್ನನ್ನು ಕೇಳಬೇಡಿ.

ಪ್ರಶ್ನೆ: ಮಕ್ಕಳ ಸ್ಕೌಟ್ ಟ್ರೂಪ್ (ದಳ) ಮೀಟಿಂಗ್ ಮುಗಿಯುವವರೆಗೆ ನಾನೂ ಅಲ್ಲೇ ಕೂರಬಹುದೇ? — ಧಾರವಾಡ

ಉತ್ತರ: ಗೇಟಿನಲ್ಲಿ ಬಿಟ್ಟು ಹೋಗಿ. ಮುಗಿದ ಮೇಲೆ ಬನ್ನಿ.