‘ಪಂಚ್ ಫೇಸೇ ಒರಿಜಿನಲ್’ ಅನ್ನೋ ಮಾತು ನಂಬಬೇಡಿ

ಪ್ರಶ್ನೆ: ಬಳ್ಳಾರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ಮಗಳಿಗೆ 9, ಮಗನಿಗೆ 5 ವರ್ಷ. ಇಬ್ಬರಿಗೂ ಬೆಳ್ಳನೆಯ, ನೀಲಿ ಕಣ್ಣಿನ ಪರ್ಷಿಯನ್ ಬೆಕ್ಕಿನ ಮರಿ ಬೇಕಂತೆ. ಅಂಗಡಿಯವರು ಚಪ್ಪಟೆ ಮೂತಿಯ ಪಂಚ್ ಫೇಸ್ ಮರಿಯನ್ನೇ ಒರಿಜಿನಲ್ ಅಂತಾರೆ, ರೇಟೂ ಜಾಸ್ತಿ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಮನೆಯಲ್ಲಿ ಅತ್ತೆ ಇರುತ್ತಾರೆ. ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಯಾವ ತಳಿ ನಮಗೆ ಸರಿಹೋಗುತ್ತದೆ?

ಪಶುವೈದ್ಯರ ಉತ್ತರ: ಪಂಚ್ ಫೇಸ್ ಬೇಡ. ಅದು ಒರಿಜಿನಲ್ ಅನ್ನೋದೂ ನಿಜವಲ್ಲ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಬೆಕ್ಕುಗಳ ಪ್ರದರ್ಶನಕ್ಕೆ ಪರ್ಷಿಯನ್‌ಗಳೂ ಬಂದಿದ್ದವು. ಆ ಕಾಲದ ಪರ್ಷಿಯನ್‌ಗೆ ಸರಿಯಾದ ಮೂಗಿತ್ತು. ಇಷ್ಟು ಚಪ್ಪಟೆ ಮುಖ ಬಂದದ್ದು ಆಮೇಲೆ, ಪ್ರದರ್ಶನದ ಆಸೆಗೆ ಆರಿಸಿ ಆರಿಸಿ ಮರಿ ಮಾಡಿಸಿದ್ದರಿಂದ.

ಅದರ ಕಷ್ಟ ಬೆಕ್ಕು ಅನುಭವಿಸುತ್ತದೆ. ಮೂಗಿನ ಹೊಳ್ಳೆ ಕಿರಿದು, ಉಸಿರಾಟ ಗೊರ್ ಗೊರ್ ಅನ್ನುತ್ತದೆ. ಕಣ್ಣೀರು ಮೂಗಿನೊಳಗೆ ಇಳಿಯುವ ನಾಳ ಮಡಚಿಕೊಂಡು, ನೀರು ಕೆನ್ನೆ ಮೇಲೆ ಹರಿದು ಕಂದು ಕಲೆ ಕಟ್ಟುತ್ತದೆ. ಬೆಕ್ಕಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಸೆಕೆ ತಡೆಯಲಾಗದಾಗ ಅದು ಬಾಯಿ ತೆರೆದು ಏದುಸಿರು ಬಿಡಬೇಕು. ಉಸಿರಾಡಲೇ ಒದ್ದಾಡುವ ಪ್ರಾಣಿ, ದಟ್ಟ ಕೂದಲು ಹೊತ್ತುಕೊಂಡು, ಬಳ್ಳಾರಿಯ ಏಪ್ರಿಲ್-ಮೇ ಕಳೆಯುವುದು ಹೇಗೆ ಹೇಳಿ? ಮರಿಯ ಮುಖವನ್ನು ಪಕ್ಕದಿಂದ ನೋಡಿ. ಮೂಗಿನ ತುದಿಯ ಮೇಲಂಚು ಕೆಳರೆಪ್ಪೆಗಿಂತ ಮೇಲಿದ್ದರೆ ಆ ಮರಿ ಬಿಟ್ಟುಬಿಡಿ.

ಮೂಗು ಎದ್ದು ಕಾಣುವ ಡಾಲ್ ಫೇಸ್ ವಾಸಿ, ಆದರೆ ಕೂದಲಿನ ಕೆಲಸ ತಪ್ಪುವುದಿಲ್ಲ. ಸ್ಟೀಲ್ ಬಾಚಣಿಗೆಯಲ್ಲಿ ದಿನಾ ಬಾಚಬೇಕು. ಬೆನ್ನು ಬಾಚಿದರೆ ಸಾಲದು. ಕಂಕುಳು, ಹೊಟ್ಟೆ, ಕಿವಿಯ ಹಿಂದೆ ಬೆರಳು ಹಾಕಿ ನೋಡಬೇಕು. ಎರಡು-ಮೂರು ದಿನ ಬಿಟ್ಟರೆ ಅಲ್ಲೇ ಸಿಕ್ಕು ಗಂಟಾಗುತ್ತದೆ. ಆ ಗಂಟು ಚರ್ಮವನ್ನು ಎಳೆಯುತ್ತಲೇ ಇರುತ್ತದೆ. ಕತ್ತರಿ ಹಾಕಲು ಹೋದರೆ ಬೆಕ್ಕಿನ ತೆಳು ಚರ್ಮವೇ ಕತ್ತರಿಸಿಹೋದೀತು. ನೀವಿಬ್ಬರೂ ಕೆಲಸಕ್ಕೆ ಹೋದರೆ ಇದೆಲ್ಲ ಅತ್ತೆಯವರ ತಲೆಗೆ ಬೀಳುತ್ತದೆ. ಅವರನ್ನು ಒಂದು ಮಾತು ಕೇಳಿದ್ದೀರಾ?

ಪರ್ಷಿಯನ್‌ಗಳಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ ಎಂಬ ವಂಶವಾಹಿ ಕಾಯಿಲೆಯೂ ಇದೆ. ತಂದೆ-ತಾಯಿಯಲ್ಲಿ ಒಂದಕ್ಕೆ ಇದ್ದರೂ ಪ್ರತಿ ಮರಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಅವೆರಡರ ಡಿಎನ್‌ಎ ಪರೀಕ್ಷೆಯ ರಿಪೋರ್ಟ್ ಕೇಳಿ.

ಬಿಳಿ ಮೈಗೆ ಎರಡೂ ನೀಲಿ ಕಣ್ಣಿರುವ ಬೆಕ್ಕುಗಳಲ್ಲಿ ಹುಟ್ಟು ಕಿವುಡು ಬಹಳ ಸಾಮಾನ್ಯ. ಅಂಥ ಮರಿಯ ಬೆನ್ನ ಹಿಂದೆ, ಅದಕ್ಕೆ ಕಾಣದಂತೆ ಬೀಗದ ಕೈ ಗೊಂಚಲು ಅಲ್ಲಾಡಿಸಿ. ಕಿವಿ ತಿರುಗುತ್ತದಾ ನೋಡಿ.

ನಿಮ್ಮ ಮನೆಗೆ ನಾನು ಹೇಳುವುದು ಸಯಾಮಿ ತಳಿ. ಗಿಡ್ಡ ಕೂದಲು, ಮೈಗಂಟಿದ ಒಂದೇ ಪದರ, ವಾರಕ್ಕೊಮ್ಮೆ ಕೈಯಾಡಿಸಿದರೂ ಸಾಕು. ಮಕ್ಕಳು ಕೇಳಿದ ನೀಲಿ ಕಣ್ಣೂ ಇದೆ, ಅದಕ್ಕೂ ಕಿವುಡಿಗೂ ನಂಟಿಲ್ಲ. ಮರಿಗಳು ಹುಟ್ಟುವಾಗ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತವೆ. ಮೈಯಲ್ಲಿ ತಣ್ಣಗಿರುವ ಜಾಗದಲ್ಲಿ, ಅಂದರೆ ಕಿವಿ, ಮೂತಿ, ಬಾಲ, ಕಾಲಲ್ಲಿ ಬರಬರುತ್ತಾ ಕಪ್ಪು-ಕಂದು ಬಣ್ಣ ಏರುತ್ತದೆ. ಮಕ್ಕಳಿಗೆ ಅದನ್ನು ನೋಡುವುದೇ ಒಂದು ಖುಷಿ. ಆದರೆ ಸಯಾಮಿ ಬಾಯಿಬಡುಕ ಬೆಕ್ಕು. ದೊಡ್ಡ ದನಿಯಲ್ಲಿ ಕೂಗಿ ಮಾತಾಡಿಸುತ್ತದೆ, ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ. ಹಗಲೆಲ್ಲ ಅತ್ತೆ ಇರುವುದು ಇಲ್ಲಿ ದೊಡ್ಡ ಅನುಕೂಲ. ಕೆಲವಕ್ಕೆ ದಮ್ಮಿನ ತೊಂದರೆ ಬರುವುದುಂಟು, ಅದರ ಮೇಲೆ ಕಣ್ಣಿಡಿ.

ಮಡಚಿದ ಕಿವಿಯ ಸ್ಕಾಟಿಷ್ ಫೋಲ್ಡ್ ತೋರಿಸಿದರೆ ಖಂಡಿತ ಬೇಡ ಅನ್ನಿ. ಕಿವಿ ಮಡಚಿಸುವ ಅದೇ ವಂಶವಾಹಿ ಕಾಲು-ಬಾಲದ ಕೀಲುಗಳನ್ನೂ ಕೆಡಿಸುತ್ತದೆ. ಬೆಂಗಾಲ್ ತಳಿಯ ಬೆಕ್ಕಿಗೆ ಓಡಾಡಲು, ಹತ್ತಲು ಜಾಗ ಜಾಸ್ತಿ ಬೇಕು. ದಟ್ಟ ಕೂದಲಿನ ದೊಡ್ಡ ತಳಿ ಮೇನ್ ಕೂನ್‌ಗೆ ನಿಮ್ಮೂರ ಬಿಸಿಲು ಸುಮ್ನೆ ಹಿಂಸೆ.

ಇನ್ನು ಊಟ. ಮೊಸರನ್ನ, ಹಾಲು ಹಾಕಿ ಬೆಕ್ಕು ಸಾಕಲು ಆಗುವುದಿಲ್ಲ. ಟೌರಿನ್ ಎಂಬ ಅಂಶ ಬೆಕ್ಕಿಗೆ ಮಾಂಸದಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ. ಹೃದಯವೂ ಹಿಗ್ಗಿ ಸೋಲುತ್ತದೆ ಎಂಬುದು 1987ರಲ್ಲಿ ಅಮೆರಿಕದ ಸಂಶೋಧಕರಿಂದ ಗೊತ್ತಾಯಿತು. ನೀವು ಮಾಂಸ ಬೇಯಿಸಬೇಕಿಲ್ಲ. ಬೆಕ್ಕಿಗೆಂದೇ ಮಾಡಿದ, ಕೋಳಿ ಅಥವಾ ಮೀನಿನ ಪೂರ್ಣಾಹಾರದ ಪ್ಯಾಕೆಟ್ ಸಾಕು. ನಾಯಿಯ ಆಹಾರ ನಡೆಯುವುದಿಲ್ಲ. ಆ ಪ್ಯಾಕೆಟ್ಟೂ ಮನೆಗೆ ಬರಬಾರದು ಎಂದು ಹಿರಿಯರು ಅಂದರೆ ಬೆಕ್ಕು ತರಲೇಬೇಡಿ.

ಮರಿಗೆ 12 ವಾರ ತುಂಬುವ ತನಕ ತಾಯಿಯ ಹತ್ತಿರ ಇರಲಿ. ತಾಯಿ ಬೆಕ್ಕನ್ನು ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ. ಲಸಿಕೆ ಕಾರ್ಡ್ ನೋಡಿ, ರೇಬೀಸ್ ಲಸಿಕೆ ತಪ್ಪಿಸಬೇಡಿ. ಎರಡನೇ ಮಹಡಿ ಅಂದಿರಲ್ಲ, ಮರಿ ಬರುವ ಮುಂಚೆಯೇ ಬಾಲ್ಕನಿಗೂ ಕಿಟಕಿಗಳಿಗೂ ಗಟ್ಟಿ ಬಲೆ ಹಾಕಿಸಿ. ಮನೆ ಮಾಲೀಕರ ಒಪ್ಪಿಗೆಯನ್ನೂ ಆಗಲೇ ಕೇಳಿಕೊಳ್ಳಿ.