ಓದುಗರ ಪ್ರಶ್ನೆ, ನಮ್ಮ ಉತ್ತರ: ತರಗತಿಯಲ್ಲಿ ಡಿಜಿಟಲ್ ಶಿಲ್ಪ

ಪ್ರಶ್ನೆ: ನಮ್ಮ ಹೈಸ್ಕೂಲಿನ ಲಿಟಲ್ ಕೈಟ್ಸ್ (ಶಾಲೆಯ ಐಟಿ ಕ್ಲಬ್) ಮಕ್ಕಳಿಗೆ ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಶಿಲ್ಪ ಮಾಡುವುದನ್ನು ಕಲಿಸಬೇಕೆಂದಿದ್ದೇನೆ. ವಾರಕ್ಕೆ ಎರಡು ಪೀರಿಯಡಿನಂತೆ ಆರು ವಾರ ಸಿಗುತ್ತದೆ. ಲ್ಯಾಬಿನ ಕಂಪ್ಯೂಟರುಗಳು ಹಳೆಯವು. ಯಾವ ಪ್ರಾಜೆಕ್ಟ್ ಕೊಡಲಿ, ಮಾರ್ಕು ಹೇಗೆ ಹಾಕಲಿ?
— ಅಧ್ಯಾಪಿಕೆ, ಕುಂಬಳೆ

ಉತ್ತರ: ಮೊದಲಿಗೆ ಗೇರುಹಣ್ಣು ಕೊಡಿ, ಬೀಜದ ಸಮೇತ. ಹಣ್ಣಿನದೊಂದು ಆಕಾರ, ಬೀಜದ ಬಾಗು ಇನ್ನೊಂದು, ಎರಡೂ ಕೂಡುವ ಸಂದಿ ಮೂರನೆಯದು. ಆರಂಭಕ್ಕೆ ಬೇಕಾದ ಪಾಠವೆಲ್ಲ ಇದರಲ್ಲೇ ಇದೆ. ಹಲಸಿನ ಹಣ್ಣು ಮಾತ್ರ ಬೇಡ. ಅದನ್ನು ಕೊಟ್ಟರೆ ಮಕ್ಕಳು ಮೊದಲ ದಿನವೇ ಮುಳ್ಳು ಮಾಡಲು ಕೂರುತ್ತಾರೆ. ಹಣ್ಣಿನ ಆಕಾರ ಸೊಟ್ಟಗಿದ್ದರೂ ಮುಳ್ಳಿನಡಿ ಅದು ಕಾಣುವುದಿಲ್ಲ.

ಮೊದಲ ಎರಡು ವಾರ ಗ್ರ್ಯಾಬ್ (ಎಳೆಯಲು), ಕ್ಲೇ ಸ್ಟ್ರಿಪ್ಸ್ (ತುಂಬಲು), ಸ್ಮೂತ್ (ನಯ ಮಾಡಲು) ಈ ಮೂರೇ ಬ್ರಷ್ ಇರಲಿ. ಯುವಿ ಸ್ಫಿಯರ್ ಸೇರಿಸಿ, ಸ್ಕಲ್ಪ್ಟ್ ಮೋಡ್‌ಗೆ ಹೋಗಿ, ವೋಕ್ಸೆಲ್ (ಜಾಗವನ್ನು ಭಾಗ ಮಾಡುವ ಸಣ್ಣ ಘನ) ಗಾತ್ರ 0.1 ಇಟ್ಟು ಕಂಟ್ರೋಲ್ ಮತ್ತು ಆರ್ ಒತ್ತಿ ರೀಮೆಶ್ ಮಾಡಿಸಿ, ಅಂದರೆ ಮೇಲ್ಮೈಯನ್ನು ಹೊಸದಾಗಿ ಕಟ್ಟಿಸಿ. ಹೀಗೆ ಮಾಡದಿದ್ದರೆ ಗೋಲದ ಎರಡು ತುದಿಗಳಲ್ಲಿ ತ್ರಿಕೋನಗಳು ಒಂದೇ ಬಿಂದುವಿಗೆ ಬಂದು ಸೇರಿ, ಬ್ರಷ್ ಅಲ್ಲಿ ಚಿವುಟಿದಂತೆ ಗಂಟು ಹಾಕುತ್ತದೆ. ರೀಮೆಶ್ ಆದ ಎರಡು ಮೀಟರ್ ಗೋಲದಲ್ಲಿ ಸುಮಾರು ಎರಡು ಸಾವಿರ ಪಾಲಿಗನ್ (ಮೇಲ್ಮೈಯ ಸಣ್ಣ ತುಂಡು) ಇರುತ್ತವೆ. ಇಡೀ ಮೊದಲ ಪೀರಿಯಡ್ ಅಷ್ಟರಲ್ಲೇ, ಗ್ರ್ಯಾಬ್ ಒಂದರಿಂದಲೇ ಆಕಾರ ಎಳೆಯಲಿ. ವೋಕ್ಸೆಲ್ ಗಾತ್ರ ಅರ್ಧಕ್ಕಿಳಿದಾಗಲೆಲ್ಲ ಪಾಲಿಗನ್ ನಾಲ್ಕು ಪಟ್ಟಾಗುತ್ತದೆ: 0.05ಕ್ಕೆ ಏಳೂವರೆ ಸಾವಿರ, 0.025ಕ್ಕೆ 30 ಸಾವಿರದ ಆಸುಪಾಸು. ಗೇರುಹಣ್ಣಿಗೆ 0.05 ದಾಟಬೇಕಾಗಿಲ್ಲ. ಹಳೆಯ ಕಂಪ್ಯೂಟರಿಗೂ ಅದು ಭಾರವಲ್ಲ.

ಕಂಪ್ಯೂಟರಿನ ವಿಷಯ: ಬ್ಲೆಂಡರ್‌ನ ಈಚಿನ ಆವೃತ್ತಿಗಳಿಗೆ ಓಪನ್‌ಜಿಎಲ್ 4.3 ಇರುವ ಗ್ರಾಫಿಕ್ಸ್ ಬೇಕು. ನಿಮ್ಮ ಲ್ಯಾಬಿನಲ್ಲಿ ಅವು ತೆರೆಯದಿದ್ದರೆ 2023ರ 3.6 ಆವೃತ್ತಿ ಹಾಕಿಸಿ, ಅದಕ್ಕೆ ಓಪನ್‌ಜಿಎಲ್ 3.3 ಸಾಕು. ಶಿಲ್ಪದ ಪಾಠಕ್ಕೆ ಏನೂ ಕೊರತೆಯಾಗದು.

ಮೂರರಿಂದ ಐದನೇ ವಾರ ತಲೆ: ಬುರುಡೆಯ ಗೋಲ, ದವಡೆಯ ತುಂಡು, ಕೊರಳಿನ ಕಂಬ. ಕಣ್ಣಿನ ಗುಳಿ, ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಇವುಗಳ ಜಾಗ ಸರಿಯಾಗುವ ತನಕ ರೆಪ್ಪೆಯನ್ನೂ ತುಟಿಯ ಗೆರೆಯನ್ನೂ ಮುಟ್ಟಬಾರದು. ನಿಮ್ಮೂರಿನ ಪಕ್ಕದ ಅನಂತಪುರ ಸರೋವರ ಕ್ಷೇತ್ರದ ಮೂಲ ವಿಗ್ರಹ ಕಡುಶರ್ಕರ ಪಾಕದ್ದೆಂದು (ಮಣ್ಣು, ಅಂಟು, ಮೂಲಿಕೆ ಕೂಡಿಸಿದ ಲೇಪ) ಮಕ್ಕಳು ಕೇಳಿರುತ್ತಾರೆ. ಆ ಪದ್ಧತಿಯಲ್ಲಿ ಮರದ ಅಸ್ಥಿಪಂಜರ ಮೊದಲು, ಅದರ ಮೇಲೆ ನರನಾಡಿಗಳಾಗಿ ತೆಂಗಿನ ನಾರಿನ ಹುರಿ, ಆಮೇಲೆ ಪದರ ಪದರವಾಗಿ ಪಾಕ. ಪರದೆಯ ಮೇಲೂ ಕ್ರಮ ಅದೇ ಎಂದು ತೋರಿಸಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಆರನೇ ವಾರ ತಿದ್ದಲು, ಮಾರ್ಕು ಹಾಕಲು. ಕೊನೆಯ ಚಿತ್ರವೊಂದನ್ನೇ ನೋಡಿ ಮಾರ್ಕು ಹಾಕಬೇಡಿ. ಒಳ್ಳೆಯ ಬೆಳಕು ಕೊಟ್ಟರೆ ಕೆಟ್ಟ ತಲೆಯೂ ಚೆನ್ನಾಗಿ ಕಾಣುತ್ತದೆ. ಪ್ರತಿ ಪೀರಿಯಡಿನ ಕೊನೆಗೆ ಹೊಸ ಸಂಖ್ಯೆ ಕೊಟ್ಟು ಫೈಲ್ ಉಳಿಸಲು ಹೇಳಿ. ಮಾರ್ಕು ಹಾಕುವಾಗ ಸಾಲಿಡ್ ಶೇಡಿಂಗ್‌ನಲ್ಲಿ ಲೈಟಿಂಗನ್ನು ಫ್ಲ್ಯಾಟ್‌ಗೂ ಕಲರನ್ನು ಸಿಂಗಲ್‌ಗೂ ಬದಲಿಸಿ ಕಪ್ಪು ಬಣ್ಣ ಕೊಡಿ. ಒಳಗಿನ ವಿವರವೆಲ್ಲ ಮಾಯವಾಗಿ ಹೊರರೇಖೆ ಮಾತ್ರ ಉಳಿಯುತ್ತದೆ. ಎದುರು, ಬದಿ, ಮುಕ್ಕಾಲು ನೋಟ, ಮೂರರಲ್ಲೂ ಅದನ್ನು ನೋಡಿ. 20ರಲ್ಲಿ 8 ಹೊರರೇಖೆಗೆ, 6 ದೊಡ್ಡ ಆಕಾರಗಳಿಗೆ, 4 ಹಂತದ ಫೈಲುಗಳಿಗೆ. ಸೂಕ್ಷ್ಮ ಕೆಲಸಕ್ಕೆ 2 ಸಾಕು. ಅದಕ್ಕೆ ಹೆಚ್ಚು ಕೊಟ್ಟರೆ ಇಡೀ ತರಗತಿ ಸುಕ್ಕು, ಕೂದಲು ಕೆತ್ತುತ್ತಾ ಕೂರುತ್ತದೆ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಯಕ್ಷಗಾನ ತೆಂಕುತಿಟ್ಟಿನ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಮಾಡುತ್ತಿದ್ದೇನೆ. ರೀಮೆಶ್ ಮಾಡಿದ ಕೂಡಲೇ ಚಿಟ್ಟಿಯ (ಮುಖದ ಮೇಲೆ ಹಿಟ್ಟಿನಿಂದ ಇಡುವ ಮುಳ್ಳುಗಳ) ಸಾಲುಗಳು ಅಂಟಿಕೊಂಡು ಮುದ್ದೆಯಾದವು, ಕೇಸರಿ ತಟ್ಟೆ (ಕಿರೀಟದ ಅಗಲ ತಟ್ಟೆ) ತೂತು ಬಿತ್ತು. ಯಾಕೆ?
— ವಿದ್ಯಾರ್ಥಿ, ಕಾಸರಗೋಡು

ಉತ್ತರ: ವೋಕ್ಸೆಲ್ ರೀಮೆಶ್ ನಿಮ್ಮ ಹಳೆಯ ಮೇಲ್ಮೈಯನ್ನು ಇಟ್ಟುಕೊಳ್ಳುವುದಿಲ್ಲ. ಜಾಗವನ್ನು ಸಣ್ಣ ಘನಗಳಾಗಿ ಭಾಗ ಮಾಡಿ, ಯಾವುದು ಒಳಗೆ ಯಾವುದು ಹೊರಗೆ ಎಂದು ನೋಡಿ, ಹೊಸ ಮೇಲ್ಮೈ ಕಟ್ಟುತ್ತದೆ. ಎರಡು ಚಿಟ್ಟಿಗಳ ನಡುವಿನ ಸಂದು ಒಂದು ಘನಕ್ಕಿಂತ ಕಿರಿದಾದರೆ ಅದು ಸಂದೆಂದೇ ಲೆಕ್ಕಕ್ಕೆ ಬರುವುದಿಲ್ಲ, ಎರಡೂ ಕೂಡಿಕೊಳ್ಳುತ್ತವೆ. ತಟ್ಟೆಯ ದಪ್ಪ ಘನಕ್ಕಿಂತ ಕಡಿಮೆಯಿದ್ದಲ್ಲಿ ಅದು ಹರಿದುಹೋಗುತ್ತದೆ. ತಟ್ಟೆಗೆ ದಪ್ಪವೇ ಇಲ್ಲದೆ ಬರಿಯ ಹಾಳೆಯಾಗಿದ್ದರೆ ಅದಕ್ಕೆ ಒಳಗು ಎಂಬುದೇ ಇಲ್ಲ. ಆಗ ಗಾತ್ರ ಎಷ್ಟು ಇಳಿಸಿದರೂ ಉಪಯೋಗವಿಲ್ಲ.

ಗಾತ್ರ ಇಳಿಸಿ ಇಳಿಸಿ ಪರಿಹಾರ ಹುಡುಕಬೇಡಿ. ಚಿಟ್ಟಿಗಾಗಿ 0.01ಕ್ಕೆ ಇಳಿದರೆ ನಯವಾಗಿರಬೇಕಾದ ಹಣೆಗೂ ಅದೇ ದಟ್ಟಣೆ ಬಂದು, ಗೋಲದಷ್ಟು ದೊಡ್ಡ ತಲೆಯೇ ಎರಡು ಲಕ್ಷ ಪಾಲಿಗನ್ ಹತ್ತಿರ ಹೋಗುತ್ತದೆ. ಆಮೇಲೆ ಗಲ್ಲ ತಿದ್ದಹೋದರೆ ಉಬ್ಬುತಗ್ಗು ಬರುತ್ತದೆ. ಭಾಗಗಳನ್ನು ಬೇರೆ ಆಬ್ಜೆಕ್ಟ್‌ಗಳಾಗಿಡಿ. ಮುಖ ಒಂದು, ಕಣ್ಣುಗುಡ್ಡೆ ಎರಡು ಬಿಡಿ ಗೋಲ, ಕೇಸರಿ ತಟ್ಟೆ ಒಂದು. ಅದಕ್ಕೆ ಸಾಲಿಡಿಫೈ ಮಾಡಿಫೈಯರ್‌ನಿಂದ ದಪ್ಪ ಕೊಡಿ. ಚಿಟ್ಟಿಗೆ ಒಂದೇ ಮುಳ್ಳು ಚೆನ್ನಾಗಿ ಮಾಡಿ, ಸ್ನ್ಯಾಪಿಂಗನ್ನು ಫೇಸ್‌ಗೆ ಇಟ್ಟು, ಆಲ್ಟ್ ಮತ್ತು ಡಿ ಒತ್ತಿ ಲಿಂಕ್ ಇರುವ ಪ್ರತಿಗಳನ್ನು ಸಾಲಾಗಿ ಕೂರಿಸಿ. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದುಪಡಿಯಾಗುತ್ತವೆ. ಚೌಕಿಯಲ್ಲೂ (ವೇಷ ಕಟ್ಟುವಲ್ಲಿ) ಚಿಟ್ಟಿ ಮುಖದ ಮೇಲೆ ಆಮೇಲೆ ಇಡುವಂಥದ್ದು ತಾನೆ. ನಿಮ್ಮ ಫೈಲಿನಲ್ಲೂ ಹಾಗೇ ಇರಲಿ.

ಪ್ರಶ್ನೆ: ಎಡಗೆನ್ನೆ ಮಾಡಿದರೆ ಬಲಗೆನ್ನೆ ಬೇರೆಲ್ಲೋ ಬರುತ್ತದೆ. ಬ್ರಷ್ ಕೂಡ ಒಂದು ದಿಕ್ಕಿಗೆ ಉದ್ದಕ್ಕೆ ಎಳೆಯುತ್ತದೆ.
— ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಎರಡೂ ಬೇರೆ ಬೇರೆ ದೋಷ. ಆಬ್ಜೆಕ್ಟ್ ಮೋಡ್‌ನಲ್ಲಿ ಒಂದೇ ದಿಕ್ಕಿಗೆ ಸ್ಕೇಲ್ ಮಾಡಿ ಹಾಗೇ ಬಿಟ್ಟಿದ್ದೀರಿ. ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿದರೆ ಬ್ರಷ್ ಸರಿಯಾಗುತ್ತದೆ. ಸಿಮೆಟ್ರಿ (ಎಡಬಲ ಒಂದೇ ಥರ ಮಾಡುವುದು) ಲೆಕ್ಕ ಹಾಕುವುದು ಆಬ್ಜೆಕ್ಟಿನ ಒರಿಜಿನ್‌ನಿಂದ, ಆ ಕಿತ್ತಳೆ ಚುಕ್ಕೆಯಿಂದ. ಅದು ಮೂಗಿನ ನೇರಕ್ಕಿಲ್ಲ. ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆರಿಸಿ ತಲೆಯ ನಡುವನ್ನು ಚುಕ್ಕೆಯ ನೇರಕ್ಕೆ ಸರಿಸಿ, ಬಳಿಕ ಒಂದು ಬದಿಯನ್ನು ಇನ್ನೊಂದಕ್ಕೆ ನಕಲಿಸುವ ಸಿಮೆಟ್ರೈಸ್ ಕೊಡಿ. ಯಾವ ಕಡೆಯಿಂದ ಯಾವ ಕಡೆಗೆ ಎಂಬುದನ್ನು ನೋಡಿಯೇ ಒತ್ತಿ. ತಪ್ಪಿದರೆ ಚೆನ್ನಾಗಿರುವ ಕೆನ್ನೆಯೇ ಹೋದೀತು.

ಪ್ರಶ್ನೆ: ಮಗಳಿಗೆ ಪೆನ್ ಟ್ಯಾಬ್ಲೆಟ್ ತೆಗೆದುಕೊಡಲೇಬೇಕೇ?
— ಪೋಷಕರು, ಮಂಜೇಶ್ವರ

ಉತ್ತರ: ಮೊದಲ ಪ್ರಾಜೆಕ್ಟಿಗೆ ಮೌಸ್ ಸಾಕು. ಗ್ರ್ಯಾಬ್ ಬ್ರಷ್ಷಿಗೆ ಒತ್ತಡದ ಅಗತ್ಯವೇ ಇಲ್ಲ. ಕ್ಲೇ ಸ್ಟ್ರಿಪ್ಸ್‌ಗೆ ಮಾತ್ರ ಸ್ಟ್ರೆಂತ್ 0.2ರಷ್ಟಕ್ಕೆ ಇಳಿಸಿಕೊಳ್ಳಬೇಕು, ಮೌಸ್ ಯಾವಾಗಲೂ ಪೂರ್ತಿ ಬಲದಿಂದಲೇ ಒತ್ತುತ್ತದೆ. ತಲೆಯ ಪ್ರಾಜೆಕ್ಟ್ ಮುಗಿಸಿದ ಮೇಲೂ ಆಸಕ್ತಿ ಉಳಿದಿದ್ದರೆ ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ, ಪರದೆಯಿಲ್ಲದ ಸಣ್ಣ ಟ್ಯಾಬ್ಲೆಟ್ ಕೊಡಿಸಿ. ವಿಂಡೋಸ್‌ನಲ್ಲಿ ಒತ್ತಡ ಕೆಲಸ ಮಾಡದಿದ್ದರೆ ಕೆಟ್ಟಿದೆಯೆಂದು ಹಿಂತಿರುಗಿಸುವ ಮೊದಲು ಪ್ರಿಫರೆನ್ಸಸ್‌ನ ಇನ್‌ಪುಟ್ ಭಾಗದಲ್ಲಿ ವಿಂಡೋಸ್ ಇಂಕ್ ಇದ್ದುದನ್ನು ವಿನ್‌ಟ್ಯಾಬ್‌ಗೆ, ಅಥವಾ ಅಲ್ಲಿಂದ ಇಲ್ಲಿಗೆ ಬದಲಿಸಿ ನೋಡಿ.

ಪ್ರಶ್ನೆ: ಮಾಡಿದ ತಲೆಯನ್ನು ತ್ರೀಡಿ ಪ್ರಿಂಟ್‌ಗೆ ಕೊಟ್ಟರೆ ಸಾಸಿವೆಯಷ್ಟು ಕಾಣಿಸುತ್ತದಂತೆ. ಏನು ಮಾಡಲಿ?
— ವಿದ್ಯಾರ್ಥಿ, ಪೆರ್ಲ

ಉತ್ತರ: ಪ್ರಿಂಟ್‌ಗೆ ಕೊಡುವ ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನ ಇರುವುದಿಲ್ಲ, ಸಂಖ್ಯೆ ಮಾತ್ರ. ಬ್ಲೆಂಡರ್‌ನ ಎರಡು ಮೀಟರನ್ನು ಪ್ರಿಂಟರಿನ ಸ್ಲೈಸರ್ (ಮಾದರಿಯನ್ನು ಪದರಗಳಾಗಿ ಕತ್ತರಿಸುವ ಸಾಫ್ಟ್‌ವೇರ್) ಎರಡು ಮಿಲಿಮೀಟರ್ ಎಂದು ಓದುತ್ತದೆ. 80 ಮಿ.ಮೀ. ತಲೆ ಬೇಕಾದರೆ ಎಕ್ಸ್‌ಪೋರ್ಟ್ ಮಾಡುವಾಗ ಸ್ಕೇಲ್ 40 ಕೊಡಿ.

ಮೂಲ ಫೈಲನ್ನು ಮುಟ್ಟಬೇಡಿ. ಪ್ರತಿ ತೆಗೆದು, ಮಾಡಿಫೈಯರ್‌ಗಳನ್ನು ಅಪ್ಲೈ ಮಾಡಿ, ಭಾಗಗಳನ್ನು ಕಂಟ್ರೋಲ್ ಮತ್ತು ಜೆ ಒತ್ತಿ ಸೇರಿಸಿ, ಒಮ್ಮೆ ರೀಮೆಶ್ ಮಾಡಿ. ಒಂದರೊಳಗೊಂದು ಹೊಕ್ಕಿದ್ದ ಭಾಗಗಳು ಒಂದೇ ಗಟ್ಟಿ ಮೇಲ್ಮೈಯಾಗುತ್ತವೆ. ತ್ರೀಡಿ ಪ್ರಿಂಟ್ ಟೂಲ್‌ಬಾಕ್ಸ್ ಆಡ್-ಆನ್‌ನಲ್ಲಿ ಚೆಕ್ ಆಲ್ ಒತ್ತಿದರೆ ತೂತುಗಳೂ ತೀರಾ ತೆಳುವಾದ ಜಾಗಗಳೂ ಸಿಗುತ್ತವೆ. ಪ್ರಿಂಟ್ ಆದಾಗ ತೆಳುವಾದ ಭಾಗ 1.2 ಮಿ.ಮೀ.ಗಿಂತ ಕಡಿಮೆ ಬೇಡ. ಗಲ್ಲದ ಅಡಿ, ಕಿವಿಯ ಅಡಿ 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದಲ್ಲಿ ಸಪೋರ್ಟ್ (ಕೆಳಗಿನ ಆಧಾರ) ಕೇಳಿ. ಒಳಗೆ ಟೊಳ್ಳು ಮಾಡುತ್ತಾ ಕೂರಬೇಡಿ, ಇನ್‌ಫಿಲ್ (ಒಳಗೆ ತುಂಬುವ ಪ್ರಮಾಣ) 10–15 ಶೇಕಡಾ ಇಟ್ಟರೆ ಆಯಿತು. ರೀಮೆಶ್ ಗಾತ್ರ 0.01ಕ್ಕಿಂತ ಇಳಿಸಿಯೂ ಪ್ರಯೋಜನವಿಲ್ಲ: 40 ಪಟ್ಟು ಮಾಡಿದಾಗ ಅದು 0.4 ಮಿ.ಮೀ., ಸಾಮಾನ್ಯ ಪ್ರಿಂಟರಿನ ನಾಜಲ್ ಅಷ್ಟೇ ಅಗಲ.